ಗೊತ್ತಿರುವ ಕಥೆಗೇ ಮರಳುವವರು

ಮನಸ್ಸು ಸೋತಾಗ ತಾವು ಮರಳಿ ಹೋಗುವ ಪುಸ್ತಕ, ಸಿನಿಮಾ, ಹಾಡುಗಳ ಬಗ್ಗೆ ಬರೆಯಿರೆಂದು ಕಳೆದ ಸಂಚಿಕೆಯಲ್ಲಿ ಓದುಗರನ್ನು ಕೇಳಿಕೊಂಡಿದ್ದೆ. ಬಂದ ಪತ್ರಗಳಲ್ಲಿ ಒಂದು ಲಕ್ಷಣ ಎದ್ದು ಕಂಡಿತು: ಹೆಚ್ಚಿನವರು ಕೃತಿಯ ಹೆಸರು ಹೇಳುವುದಕ್ಕೂ ಮೊದಲು, ತಪ್ಪೊಪ್ಪಿಕೊಳ್ಳುವವರಂತೆ ಒಂದು ಸಾಲು ಬರೆದಿದ್ದರು. ‘ನಗಬೇಡಿ’, ‘ಅಂಥ ದೊಡ್ಡ ಕೃತಿಯೇನಲ್ಲ’, ‘ಇದನ್ನು ಯಾರಿಗೂ ಹೇಳಿಲ್ಲ’. ನೆಮ್ಮದಿ ಕೊಟ್ಟ ವಸ್ತುವಿನ ಬಗ್ಗೆ ಇಷ್ಟೊಂದು ಸಂಕೋಚವೇಕೆ ಎಂದು ಯೋಚಿಸುತ್ತಲೇ ಈ ಸಲದ ಪತ್ರಗಳನ್ನು ಆರಿಸಿದ್ದೇನೆ. ಬರೆದವರ ಹೆಸರುಗಳನ್ನೂ ಅವರು ಹೇಳಿದ ಕೃತಿಗಳ ಹೆಸರುಗಳನ್ನೂ ಬೇಕೆಂದೇ ಬಿಟ್ಟಿದ್ದೇನೆ. ಕೃತಿಯ ಹೆಸರು ಬಂದೊಡನೆ ಮಾತು ಅದರ ಯೋಗ್ಯತೆಯ ಕಡೆಗೆ ಹೊರಳುತ್ತದೆ, ಇಲ್ಲಿ ಅದು ಬೇಡ.

ಪ್ರಶ್ನೆ: ನನಗೆ 58 ವರ್ಷ. ಸುಮಾರು 30 ವರ್ಷಗಳಿಂದ ಒಂದೇ ಕಾದಂಬರಿಯನ್ನು ವರ್ಷಕ್ಕೊಮ್ಮೆಯಾದರೂ ಓದುತ್ತಿದ್ದೇನೆ. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ, ಏನಾದರೂ ಚಿಂತೆ ಹತ್ತಿದರೆ, ಕೈ ತಾನಾಗಿಯೇ ಆ ಪುಸ್ತಕದತ್ತ ಹೋಗುತ್ತದೆ. ‘ಬಾಯಿಪಾಠವಾಗಿರುವ ಪುಸ್ತಕದಲ್ಲಿ ಓದುವುದಕ್ಕೇನಿದೆ ಅಮ್ಮಾ, ಓದದ ಪುಸ್ತಕಗಳೇ ರಾಶಿ ಬಿದ್ದಿವೆಯಲ್ಲ’ ಎಂದು ಮಗ ಕೇಳುತ್ತಾನೆ. ಅವನಿಗೆ ಕೊಡಲು ನನ್ನ ಬಳಿ ಉತ್ತರವಿಲ್ಲ. ಇದು ಸೋಮಾರಿತನವೇ?

ಉತ್ತರ: ಮಗನ ಪ್ರಶ್ನೆಯ ಹಿಂದೆ ಒಂದು ನಂಬಿಕೆಯಿದೆ. ಕಥೆಯೆಂದರೆ ಒಂದು ಗುಟ್ಟು, ಅದು ಬಯಲಾದ ಮೇಲೆ ಉಳಿಯುವುದು ಬರೀ ಸಿಪ್ಪೆ ಎಂಬ ನಂಬಿಕೆ ಅದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕೇಂದ್ರದ ಜೋನಾಥನ್ ಲೆವಿಟ್ ಮತ್ತು ನಿಕೋಲಸ್ ಕ್ರಿಸ್ಟೆನ್‌ಫೆಲ್ಡ್ 2011ರಲ್ಲಿ ಇದನ್ನೇ ಪರೀಕ್ಷೆಗೆ ಒಡ್ಡಿದರು. 12 ಸಣ್ಣಕಥೆಗಳನ್ನು ಆರಿಸಿಕೊಂಡು, ಕೆಲವರಿಗೆ ಅಂತ್ಯವನ್ನು ಮೊದಲೇ ತಿಳಿಸಿ, ಕೆಲವರಿಗೆ ತಿಳಿಸದೆ ಓದಲು ಕೊಟ್ಟಾಗ, ರಹಸ್ಯ ಭೇದಿಸುವ ಕಥೆಗಳಲ್ಲಿ ಕೂಡ, ಅಂತ್ಯ ತಿಳಿದು ಓದಿದವರೇ ಒಟ್ಟಿನಲ್ಲಿ ಹೆಚ್ಚು ಮೆಚ್ಚಿದರು. ಆಮೇಲಿನ ಪ್ರಯೋಗಗಳೆಲ್ಲ ಇದನ್ನೇ ಹೇಳಲಿಲ್ಲ, ಕೆಲವು ತದ್ವಿರುದ್ಧ ಫಲಿತಾಂಶವನ್ನೂ ಕೊಟ್ಟವು ಎಂಬುದನ್ನು ಮುಚ್ಚಿಡಬಾರದು. ಆದರೂ ಗುಟ್ಟು ತಿಳಿದೊಡನೆ ಕಥೆ ಮುಗಿದುಹೋಗುತ್ತದೆ ಎಂದು ಇನ್ನು ಅಷ್ಟು ಧೈರ್ಯವಾಗಿ ಹೇಳುವಂತಿಲ್ಲ.

ನನ್ನ ಬಳಿಯೂ ನಿಮ್ಮದರಂಥ ಒಂದು ಪುಸ್ತಕವಿದೆ. ಬೆನ್ನಿನ ಅಂಟು ಬಿಟ್ಟುಹೋಗಿ, ಮೇಜಿನ ಮೇಲಿಟ್ಟರೆ ಅದು 112ನೆಯ ಪುಟಕ್ಕೇ ತೆರೆದುಕೊಳ್ಳುತ್ತದೆ. ಆ ಪುಟದಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯುವುದಿಲ್ಲ: ಒಬ್ಬಾಕೆ ಒಣಗಿದ ಬಟ್ಟೆಗಳನ್ನು ಮಡಚುತ್ತ, ಹೊರಗೆ ಯಾರದೋ ಹೆಜ್ಜೆಯ ಸದ್ದಿಗಾಗಿ ಕಿವಿಗೊಟ್ಟಿದ್ದಾಳೆ, ಅಷ್ಟೇ. ಮೊದಲ ಸಲ ಓದಿದಾಗ ಇಂಥದೊಂದು ಪುಟ ಇದ್ದದ್ದೇ ನನ್ನ ಗಮನಕ್ಕೆ ಬಂದಿರಲಿಲ್ಲ, ಏಕೆಂದರೆ ಬರಬೇಕಾದವನು ಬರುತ್ತಾನೋ ಇಲ್ಲವೋ ಎಂಬ ಆತುರದಲ್ಲಿ ಅದನ್ನು ದಾಟಿಕೊಂಡು ಓಡಿದ್ದೆ. ಅವನು ಬರುವುದಿಲ್ಲವೆಂದು ತಿಳಿದ ಮೇಲೆಯೇ ಆ ಬಟ್ಟೆ ಮಡಚುವ ಕೈಗಳು ನನಗೆ ಕಂಡದ್ದು. ಅಂಚಿನಲ್ಲಿ 22ರ ವಯಸ್ಸಿನ ನಾನು ಪೆನ್ಸಿಲಿನಲ್ಲಿ ‘ಅನವಶ್ಯಕ ವರ್ಣನೆ’ ಎಂದು ಗೀಚಿದ್ದೇನೆ. ಆ ಹುಡುಗನ ಜೊತೆ ಪ್ರತಿ ಓದಿನಲ್ಲೂ ನನಗೊಂದು ಸಣ್ಣ ಜಗಳವಿದೆ. ಹೊಸ ಪುಸ್ತಕದಲ್ಲಿ ಆ ಜಗಳದ ಸುಖ ಸಿಗುವುದಿಲ್ಲ.

ಇನ್ನು ಚಿಂತೆಯ ದಿನಗಳಲ್ಲೇ ಕೈ ಅತ್ತ ಹೋಗುವುದೇಕೆ ಎಂಬುದು. ವೈದ್ಯರ ವರದಿ ನಾಳೆ ಬರಬೇಕಿರುವ ರಾತ್ರಿಯಲ್ಲಿ, ನಿಮ್ಮ ಸುತ್ತಲಿನ ಪ್ರತಿಯೊಂದೂ ತೀರ್ಮಾನವಾಗದೆ ತೂಗಾಡುತ್ತಿರುತ್ತದೆ. ಆಗ ಹೊಸ ಕಾದಂಬರಿ ಹಿಡಿದರೆ ಅದು ಇನ್ನಷ್ಟು ಅಪರಿಚಿತರನ್ನು ಕರೆತಂದು, ಅವರಿಗೇನಾಗುವುದೋ ಎಂಬ ಮತ್ತೊಂದು ಚಿಂತೆಯನ್ನು ನಿಮ್ಮ ತಲೆಗೆ ಕಟ್ಟುತ್ತದೆ. ಹಳೆಯ ಕಾದಂಬರಿಯಲ್ಲಿ ದುಃಖವಿದ್ದರೂ ಅದರ ಅಳತೆ ನಿಮಗೆ ಗೊತ್ತು, ಅದು ಯಾವ ಪುಟದಲ್ಲಿ ಬರುತ್ತದೆ, ಯಾವ ಪುಟಕ್ಕೆ ಇಳಿಯುತ್ತದೆ ಎಂಬುದೂ ಗೊತ್ತು. ಬಫಲೋ ವಿಶ್ವವಿದ್ಯಾಲಯದಲ್ಲಿದ್ದ ಜೇ ಡೆರಿಕ್ ಎಂಬ ಸಂಶೋಧಕಿ, ಮನಸ್ಸಿಗೆ ಶ್ರಮವಾಗುವ ಕೆಲಸ ಮಾಡಿದವರು ತಮಗೆ ಪರಿಚಿತವಾದ ಕಥಾಲೋಕಕ್ಕೆ ಮರಳಲು ಹೆಚ್ಚು ಬಯಸುತ್ತಾರೆ, ಹಾಗೆ ಮರಳಿದವರಿಗೆ ಒಂದಿಷ್ಟು ಚೈತನ್ಯ ಮರಳುತ್ತದೆ, ಟೀವಿಯಲ್ಲಿ ಏನೋ ಬಂದದ್ದನ್ನು ನೋಡಿದವರಿಗೆ ಹಾಗಾಗುವುದಿಲ್ಲ ಎಂದು 2013ರಲ್ಲಿ ಬರೆದರು. ಆಕೆ ಆಧಾರವಾಗಿಟ್ಟುಕೊಂಡ ‘ಸಂಕಲ್ಪಶಕ್ತಿ ಬಳಸಿದಂತೆ ಖರ್ಚಾಗುತ್ತದೆ’ ಎಂಬ ಸಿದ್ಧಾಂತವೇ ಈಗ ವಿವಾದಕ್ಕೆ ಒಳಗಾಗಿದೆ. ಹೀಗಾಗಿ ಕಾರಣ ಅದೇ ಎನ್ನುವುದಕ್ಕೆ ನಾನು ಹಿಂಜರಿಯುತ್ತೇನೆ, ಅನುಭವ ಸುಳ್ಳು ಎನ್ನುವುದಕ್ಕಂತೂ ಆಗುವುದಿಲ್ಲ.

ಮಗನಿಗೆ ಒಂದು ಮಾತು ಹೇಳಬಹುದು. ಶಿಕಾಗೋ ವಿಶ್ವವಿದ್ಯಾಲಯದ ಎಡ್ ಓಬ್ರಿಯನ್ 2019ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಒಮ್ಮೆ ನೋಡಿದ ಪ್ರದರ್ಶನವನ್ನೋ ಚಿತ್ರವನ್ನೋ ಮತ್ತೆ ನೋಡಿದರೆ ಎಷ್ಟು ಬೇಸರವಾಗಬಹುದು ಎಂದು ಜನರು ಮೊದಲೇ ಊಹಿಸಿದರು, ನಿಜವಾಗಿ ಮತ್ತೆ ನೋಡಿದವರಿಗೆ ಅಷ್ಟು ಬೇಸರವಾಗಲಿಲ್ಲ. ಮೊದಲ ಸಲ ಕಣ್ಣಿಗೆ ಬೀಳದೆ ಉಳಿದದ್ದು ಎಷ್ಟಿದೆ ಎಂಬ ಅಂದಾಜು ನಮಗೆ ಇರುವುದಿಲ್ಲ. ಮಗನೂ ತಾನು ಚಿಕ್ಕಂದಿನಲ್ಲಿ ಹತ್ತಾರು ಸಲ ನೋಡಿದ ಯಾವುದಾದರೂ ಸಿನಿಮಾವನ್ನು ನೆನಪಿಸಿಕೊಳ್ಳಲಿ.

ಪ್ರಶ್ನೆ: ರಾತ್ರಿ ನಿದ್ದೆ ಬರದಿದ್ದರೆ ಫೋನಿನಲ್ಲಿ ಒಂದೇ ಹಾಸ್ಯಚಿತ್ರವನ್ನು ಹಾಕಿಕೊಂಡು ಮಲಗುತ್ತೇನೆ. ಎರಡು ವರ್ಷಗಳಿಂದ ಇದೇ ನಡೆದಿದೆ. ಮಧ್ಯಂತರದವರೆಗೂ ಎಂದೂ ಎಚ್ಚರವಾಗಿದ್ದಿಲ್ಲ. ಹೆಂಡತಿಗೆ ಬೆಳಕಿನ ಕಿರಿಕಿರಿ. ಬಿಟ್ಟುಬಿಡಬೇಕೇ?

ಉತ್ತರ: ನೀವು ಸಿನಿಮಾ ನೋಡುತ್ತಿಲ್ಲ, ಪಕ್ಕದ ಕೋಣೆಯಲ್ಲಿ ಗುರುತಿನವರು ಮಾತಾಡುತ್ತಿರಲಿ ಎಂದು ಬಯಸುತ್ತಿದ್ದೀರಿ. ತೆರೆಯ ಮೇಲಿನವರೊಂದಿಗೆ ನಮಗೆ ಬೆಳೆಯುವ ಈ ಏಕಪಕ್ಷೀಯ ಸಲಿಗೆಯನ್ನು ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಸಂಶೋಧಕರು 1956ರಷ್ಟು ಹಿಂದೆಯೇ ಗುರುತಿಸಿ ಬರೆದಿದ್ದಾರೆ, ಆಗಿನ್ನೂ ಟೆಲಿವಿಷನ್ ಮನೆಗಳಿಗೆ ಹೊಸದು. ಸಲಿಗೆಯಲ್ಲಿ ದೋಷವಿಲ್ಲ, ದೋಷ ಬೆಳಕಿನಲ್ಲಿದೆ. ಎರಡು ವರ್ಷಗಳಲ್ಲಿ ಪ್ರತಿ ದೃಶ್ಯವೂ ನಿಮ್ಮ ಕಣ್ಣಿನೊಳಗೇ ಇರುವುದರಿಂದ ಪರದೆಯ ಅಗತ್ಯವಿಲ್ಲ. ಫೋನನ್ನು ಬೋರಲಾಗಿಟ್ಟು ಸಂಭಾಷಣೆಯನ್ನು ಮಾತ್ರ ತಗ್ಗಿದ ಧ್ವನಿಯಲ್ಲಿ ಕೇಳಿ. ಒಂದು ಚಿತ್ರ ಮುಗಿದೊಡನೆ ಇನ್ನೊಂದು ತಾನಾಗಿ ಶುರುವಾಗುವ ವ್ಯವಸ್ಥೆಯನ್ನು ಬಂದ್ ಮಾಡಿ, ಅರ್ಧ ಗಂಟೆಗೆ ನಿಲ್ಲುವಂತೆ ಟೈಮರ್ ಇಡಿ. ನಡುರಾತ್ರಿ ಪರಿಚಯವಿಲ್ಲದ ಚಿತ್ರವೊಂದರ ಕಿರುಚಾಟಕ್ಕೆ ಎಚ್ಚರವಾಗುವುದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಇಷ್ಟಾದರೂ ವಾರದಲ್ಲಿ ಮೂರು ರಾತ್ರಿಯಾದರೂ ನಿದ್ದೆ ಬಾರದೆ, ಅದು ಮೂರು ತಿಂಗಳು ಹಾಗೆಯೇ ಮುಂದುವರಿದರೆ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಎಂದು ಪರಿಗಣಿಸುತ್ತಾರೆ. ಆಗ ಹಾಸ್ಯನಟರನ್ನು ನೆಚ್ಚಿ ಕೂರದೆ ವೈದ್ಯರನ್ನೇ ಕಾಣಬೇಕು.

ಪ್ರಶ್ನೆ: ದುಃಖವಾದಾಗ ದುಃಖದ ಹಾಡುಗಳನ್ನೇ ಕೇಳುತ್ತೇನೆ, ಕೇಳಿದ ಮೇಲೆ ಹಗುರಾಗುತ್ತದೆ. ಗೆಳತಿಯರು ‘ಗಾಯವನ್ನು ಕೆದಕಿಕೊಳ್ಳುತ್ತೀಯಲ್ಲ, ಖುಷಿಯ ಹಾಡು ಕೇಳು’ ಎನ್ನುತ್ತಾರೆ. ಕೇಳಿ ನೋಡಿದೆ, ಕೋಪ ಬಂತು. ಇದೆಂಥ ವಿಚಿತ್ರ?

ಉತ್ತರ: ವಿಚಿತ್ರವೇನಿಲ್ಲ, ಬಹಳ ಹಳೆಯ ಪ್ರಶ್ನೆಯಿದು. ಕರುಣರಸದಲ್ಲಿ ಇರುವುದು ದುಃಖವೇ ಆಗಿದ್ದರೆ ಯಾರೂ ಅದರತ್ತ ಮುಖ ಮಾಡುತ್ತಿರಲಿಲ್ಲ ಎಂದು 14ನೆಯ ಶತಮಾನದ ಆಲಂಕಾರಿಕ ವಿಶ್ವನಾಥ ವಾದಿಸಿದ್ದಾನೆ. ನಮ್ಮ ಕಾವ್ಯಮೀಮಾಂಸಕರು ಇದಕ್ಕೆ ಕೊಟ್ಟ ವಿವರಣೆ ಸಾಧಾರಣೀಕರಣ ಎಂಬುದು: ಕಲೆಯೊಳಗೆ ಬಂದ ಶೋಕ ‘ನನ್ನದು’, ‘ಅವನದು’, ‘ಶತ್ರುವಿನದು’ ಎಂಬ ಕಟ್ಟುಗಳನ್ನು ಕಳಚಿಕೊಳ್ಳುತ್ತದೆ, ಆಗ ಅದನ್ನು ಅನುಭವಿಸಬಹುದು, ಅದರಿಂದ ಓಡಬೇಕಾಗಿಲ್ಲ. ನಿಮ್ಮ ದುಃಖಕ್ಕೆ ಕಾರಣಗಳಿವೆ, ಅದರಲ್ಲಿ ಹೆಸರುಗಳಿವೆ, ಯಾರೋ ಆಡಿದ ಮಾತುಗಳಿವೆ, ನಾಳೆ ಬೆಳಗ್ಗೆ ಎದುರಿಸಬೇಕಾದ ಮುಖಗಳಿವೆ. ಹಾಡಿನ ದುಃಖಕ್ಕೆ ಅವಾವುವೂ ಇಲ್ಲ. ಹಾಡು ನಿಮ್ಮ ದುಃಖವನ್ನೇ ಎತ್ತಿಕೊಂಡು, ಅದರ ಕಾರಣಗಳನ್ನೆಲ್ಲ ಉದುರಿಸಿ, ಬರಿಯ ಆಕಾರವನ್ನಷ್ಟೇ ನಿಮ್ಮ ಮುಂದೆ ಇಡುತ್ತದೆ. ಆರಂಭ, ಏರಿಕೆ, ಇಳಿಕೆ, ಮುಕ್ತಾಯ ಎಲ್ಲವೂ ಐದು ನಿಮಿಷಗಳಲ್ಲಿ ಆಗಿಹೋಗುವ ದುಃಖ ಅದು. ನಿಮ್ಮದು ಹಾಗೆ ಮುಗಿಯುವ ಜಾತಿಯದಲ್ಲವಾದ್ದರಿಂದಲೇ ಇದರ ಆಸರೆ ಬೇಕಾಗುತ್ತದೆ.

ಈಚಿನವರು ಇದನ್ನು ಎಣಿಕೆಗೆ ತಂದಿದ್ದಾರೆ. ಲಿಲಾ ತರುಫಿ ಮತ್ತು ಸ್ಟೆಫಾನ್ ಕೋಲ್ಶ್ 2014ರಲ್ಲಿ 772 ಮಂದಿಯನ್ನು ಪ್ರಶ್ನಿಸಿದಾಗ, ದುಃಖದ ಸಂಗೀತ ಹುಟ್ಟಿಸುವ ಭಾವವೆಂದು ಅತಿ ಹೆಚ್ಚು ಮಂದಿ ಹೇಳಿದ್ದು ದುಃಖವನ್ನಲ್ಲ, ಕಳೆದ ಕಾಲದ ಹಂಬಲವನ್ನು. ಮಿಶಿಗನ್ ವಿಶ್ವವಿದ್ಯಾಲಯದವರು ಒಂದೇ ಹಾಡನ್ನು ನೂರಾರು ಸಲ ಕೇಳುವವರನ್ನು ಮಾತಾಡಿಸಿದಾಗಲೂ, ನಲಿವಿನ ಹಾಡುಗಳಿಗಿಂತ ಸಿಹಿಕಹಿ ಬೆರೆತ ಹಾಡುಗಳ ಕಡೆಗೇ ಜನರು ಹೆಚ್ಚು ಸಲ ಮರಳಿದ್ದು ಕಂಡುಬಂತು. ಇನ್ನೂ ಒಂದು ಸಂಗತಿ ನನಗೆ ಬಹಳ ಹಿಡಿಸಿದೆ. ಮಾಂಟ್ರಿಯಲ್‌ನ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ತಂಡವೊಂದು 2011ರಲ್ಲಿ, ಜನರು ತಾವೇ ಆರಿಸಿ ತಂದ ಮೆಚ್ಚಿನ ಸಂಗೀತವನ್ನು ಕೇಳುವಾಗ ಅವರ ಮಿದುಳಿನಲ್ಲಿ, ಸುಖದ ಅನುಭವಕ್ಕೆ ಸಂಬಂಧಿಸಿದ ಡೋಪಮೈನ್ ಎಂಬ ರಾಸಾಯನಿಕ ಯಾವಾಗ ಒಸರುತ್ತದೆ ಎಂಬುದನ್ನು ಅಳೆಯಿತು. ಮೈ ಜುಮ್ಮೆನ್ನುವ ಗಳಿಗೆಯಲ್ಲಿ ಮಾತ್ರವಲ್ಲ, ಆ ಗಳಿಗೆ ಬರಲಿದೆ ಎಂದು ಕಾಯುವ ಹೊತ್ತಿನಲ್ಲೂ, ಮಿದುಳಿನ ಬೇರೊಂದು ಭಾಗದಲ್ಲಿ ಅದು ಒಸರುತ್ತಿತ್ತು. ಕಾಯುವುದಕ್ಕೆ ಏನು ಬರಲಿದೆ ಎಂದು ಗೊತ್ತಿರಬೇಕಲ್ಲವೇ? ಮೊದಲ ಸಲ ಕೇಳುವವನಿಗೆ ಆ ಹಾಡಿನ ಮಟ್ಟಿಗೆ ಈ ಭಾಗ್ಯ ಅರ್ಧವೇ.

ಖುಷಿಯ ಹಾಡಿಗೆ ಕೋಪ ಬಂದದ್ದೂ ಸಹಜವೇ. ಅಳುತ್ತಿರುವವರ ಬೆನ್ನು ತಟ್ಟಿ ‘ಏಳು ಏಳು, ನಗು ನೋಡೋಣ’ ಎನ್ನುವವರನ್ನು ಕಂಡರೆ ನಮಗೆ ಹೇಗಾಗುತ್ತದೋ ಹಾಗೆ. ದುಃಖದ ಹಾಡು ಯಾವ ಉಪದೇಶವನ್ನೂ ಕೊಡದೆ ಪಕ್ಕದಲ್ಲಿ ಕೂರುತ್ತದೆ. ಕೇಳಿದ ಮೇಲೆ ಹಗುರಾಗುತ್ತದೆ ಎಂದು ನೀವೇ ಬರೆದಿದ್ದೀರಿ, ಅದು ಮುಖ್ಯ. ಎಂದಾದರೂ ಕೇಳಿದ ಮೇಲೆ ಮೊದಲಿಗಿಂತ ಭಾರವಾಗತೊಡಗಿದರೆ, ಅದೇ ಯೋಚನೆ ತಲೆಯೊಳಗೆ ಗಾಣದೆತ್ತಿನಂತೆ ಸುತ್ತತೊಡಗಿದರೆ, ಅಂದು ಹಾಡನ್ನು ನಿಲ್ಲಿಸಿ ಆ ಗೆಳತಿಯರಿಗೇ ಫೋನ್ ಮಾಡಿ.

ಪ್ರಶ್ನೆ: ನನಗೆ ಪ್ರಾಣವಾದ ಒಂದು ಸಿನಿಮಾದ ಕೊನೆ ಬಹಳ ದಾರುಣವಾಗಿದೆ. ಹಲವು ಸಲ ನೋಡಿದ್ದೇನೆ, ಮೊದಲ ಸಲ ಬಿಟ್ಟರೆ ಪ್ರತಿ ಸಲವೂ ಕೊನೆಯ ಹನ್ನೆರಡು ನಿಮಿಷ ಬರುವ ಮೊದಲೇ ನಿಲ್ಲಿಸಿಬಿಡುತ್ತೇನೆ. ಚಿತ್ರಕಲೆಯ ವಿದ್ಯಾರ್ಥಿಯಾದ ತಮ್ಮ ಇದು ಕೃತಿಗೆ ಮಾಡುವ ದ್ರೋಹ ಎನ್ನುತ್ತಾನೆ.

ಉತ್ತರ: ತಮ್ಮನಿಗೆ ಸ್ಯಾಮ್ಯುಯೆಲ್ ಜಾನ್ಸನ್ನನ ಕಥೆ ಹೇಳಿ. ಇಂಗ್ಲಿಷಿನ ಹೆಸರಾಂತ ನಿಘಂಟುಕಾರ, ಸುಲಭಕ್ಕೆ ಕರಗುವ ಆಸಾಮಿಯಲ್ಲ. ಶೇಕ್ಸ್‌ಪಿಯರನ ನಾಟಕಗಳನ್ನು ಸಂಪಾದಿಸಿ 1765ರಲ್ಲಿ ಪ್ರಕಟಿಸಿದಾಗ, ಲಿಯರ್ ದೊರೆಯ ನಾಟಕದಲ್ಲಿ ಅವನ ಮಗಳು ಕಾರ್ಡೀಲಿಯಾಳ ಸಾವು ಹಿಂದೊಮ್ಮೆ ತನಗೆ ಎಂಥ ಆಘಾತ ಕೊಟ್ಟಿತ್ತೆಂದರೆ, ಸಂಪಾದಕನಾಗಿ ತಿದ್ದಲೇಬೇಕಾದ ಪ್ರಸಂಗ ಬರುವವರೆಗೆ ಆ ಕೊನೆಯ ದೃಶ್ಯಗಳನ್ನು ಮತ್ತೆ ಓದಲು ಸಹಿಸಿದ್ದೆನೋ ಇಲ್ಲವೋ ಎಂದು ಆತ ಬರೆದುಕೊಂಡ. ಆತನ ಕಾಲದ ರಂಗಭೂಮಿಯಂತೂ ಇನ್ನೂ ಮುಂದೆ ಹೋಗಿತ್ತು. ನೇಹಮ್ ಟೇಟ್ ಎಂಬುವನು 1681ರಲ್ಲಿ ಕಾರ್ಡೀಲಿಯಾಳನ್ನು ಬದುಕಿಸಿ, ಮದುವೆಯ ಭರವಸೆಯೊಂದಿಗೆ ಮುಗಿಯುವಂತೆ ನಾಟಕವನ್ನೇ ತಿದ್ದಿ ಬರೆದಿದ್ದ. 1838ರಲ್ಲಿ ಮ್ಯಾಕ್ರೆಡಿ ಎಂಬ ನಟ ಮೂಲವನ್ನು ರಂಗಕ್ಕೆ ಮರಳಿ ತರುವವರೆಗೆ, ಒಂದೂವರೆ ಶತಮಾನ, ಪ್ರೇಕ್ಷಕರು ಬಹುಮಟ್ಟಿಗೆ ಆ ಸುಖಾಂತವನ್ನೇ ನೋಡಿಕೊಂಡು ಮನೆಗೆ ಹೋದರು. ಚಾರ್ಲ್ಸ್ ಡಾರ್ವಿನ್ ಕೂಡ, ತನಗೆ ಓದಿ ಹೇಳಲಾಗುತ್ತಿದ್ದ ಕಾದಂಬರಿಗಳನ್ನು ನೆನೆಯುತ್ತ, ದುಃಖಾಂತದ ವಿರುದ್ಧ ಒಂದು ಕಾನೂನನ್ನೇ ತರಬೇಕು ಎಂದು ಆತ್ಮಕಥನದಲ್ಲಿ ತಮಾಷೆ ಮಾಡಿದ್ದಾನೆ. ಜೀವಜಗತ್ತಿನಲ್ಲಿ ಯಾವ ಹೋರಾಟ ಹೇಗೆ ಮುಗಿಯುತ್ತದೆ ಎಂಬುದನ್ನು ಅವನಷ್ಟು ಬಲ್ಲವರು ಯಾರು!

ಟೇಟ್ ಮಾಡಿದ್ದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಅವನು ಎಲ್ಲರ ಕೊನೆಯನ್ನೂ ಬದಲಾಯಿಸಿದ. ನೀವು ಯಾರದನ್ನೂ ಬದಲಾಯಿಸಿಲ್ಲ. ಕೊನೆ ಏನೆಂದು ಬಲ್ಲಿರಿ, ಒಮ್ಮೆಯಾದರೂ ಅದನ್ನು ಎದುರಿಸಿದ್ದೀರಿ, ಈಗ ಅದರ ಹೊಸ್ತಿಲಲ್ಲಿ ನಿಂತು ಹಿಂದಿರುಗುತ್ತೀರಿ. ನಿಲ್ಲಿಸುವ ಆ ಗಳಿಗೆಯಲ್ಲಿ ಮುಂದಿನ ಹನ್ನೆರಡು ನಿಮಿಷ ನಿಮ್ಮ ಮನಸ್ಸಿನಲ್ಲಿ ಓಡಿಯೇ ಓಡುತ್ತದೆ ಎಂದು ನನ್ನ ಗುಮಾನಿ. ಹಾಗಿದ್ದರೆ ತಮ್ಮ ತಿಳಿದಿರುವುದಕ್ಕಿಂತ ಹೆಚ್ಚು ಪೂರ್ತಿಯಾಗಿಯೇ ನೀವು ಅದನ್ನು ನೋಡುತ್ತಿದ್ದೀರಿ.

ಪ್ರಶ್ನೆ: ನಾಲ್ಕು ವರ್ಷದ ಮಗಳು ದಿನವೂ ಒಂದೇ ಕಥೆ ಕೇಳುತ್ತಾಳೆ. ನನಗೆ ಸುಸ್ತಾಗಿ ಒಂದು ವಾಕ್ಯ ಹಾರಿಸಿದರೂ ಹಿಡಿದುಬಿಡುತ್ತಾಳೆ. ಹೊಸ ಪುಸ್ತಕ ತಂದರೆ ದೂಡುತ್ತಾಳೆ. ಅವಳ ಕಲಿಕೆಗೆ ತೊಂದರೆಯಾಗುವುದಿಲ್ಲವೇ?

ಉತ್ತರ: ತೊಂದರೆ ಇರುವುದು ನಿಮ್ಮ ಗಂಟಲಿಗೆ ಮಾತ್ರ. ಸಸೆಕ್ಸ್ ವಿಶ್ವವಿದ್ಯಾಲಯದ ಜೆಸಿಕಾ ಹಾರ್ಸ್ಟ್ ಮತ್ತು ಸಹೋದ್ಯೋಗಿಗಳು 2011ರಲ್ಲಿ ಮೂರು ವರ್ಷದ ಮಕ್ಕಳಿಗೆ ಕಥೆಗಳ ಮೂಲಕ ಹೊಸ ಪದಗಳನ್ನು ಪರಿಚಯಿಸಿದರು. ಕೆಲವು ಮಕ್ಕಳಿಗೆ ಅದೇ ಕಥೆಗಳು ಮತ್ತೆ ಮತ್ತೆ, ಇನ್ನು ಕೆಲವರಿಗೆ ಬೇರೆ ಬೇರೆ ಕಥೆಗಳು. ಪದ ಕಿವಿಗೆ ಬಿದ್ದ ಸಂಖ್ಯೆ ಇಬ್ಬರಿಗೂ ಸಮ. ಅದೇ ಕಥೆಗಳನ್ನು ಕೇಳಿದ ಮಕ್ಕಳೇ ಪದಗಳನ್ನು ಚೆನ್ನಾಗಿ ಕಲಿತರು. ಕಥೆ ಗೊತ್ತಾದ ಮೇಲೆ ಮಗುವಿನ ಗಮನ ಪದದತ್ತ, ಚಿತ್ರದ ಮೂಲೆಯಲ್ಲಿರುವ ಬೆಕ್ಕಿನತ್ತ ಹೋಗಲು ಬಿಡುವಾಗುತ್ತದೆ ಎಂದು ಊಹಿಸಬಹುದು.

ಇನ್ನು ವಾಕ್ಯ ಹಾರಿಸಿದ್ದನ್ನು ಹಿಡಿಯುವುದು. ತನ್ನ ದಿನದಲ್ಲಿ ಏನನ್ನೂ ತಾನು ತೀರ್ಮಾನಿಸಲಾಗದ ಆ ಪುಟ್ಟ ಜೀವಕ್ಕೆ, ಮುಂದೆ ಏನು ಬರುತ್ತದೆಂದು ದೊಡ್ಡವರಿಗಿಂತ ಮೊದಲೇ ಹೇಳಬಲ್ಲ ಒಂದೇ ಒಂದು ಜಾಗ ಅದು. ಅಲ್ಲಿ ನೀವು ಕಳ್ಳತನ ಮಾಡಿದರೆ ಸಿಟ್ಟು ಬರದೆ ಇರುತ್ತದೆಯೇ? ಅವಳಿಗೇ ಪುಸ್ತಕ ಕೊಟ್ಟು, ನೀವು ಕಣ್ಣುಮುಚ್ಚಿ ಮಲಗಿ, ‘ಇವತ್ತು ನೀನು ಹೇಳು, ನಾನು ತಪ್ಪು ಹಿಡಿಯುತ್ತೇನೆ’ ಎಂದು ಒಮ್ಮೆ ಹೇಳಿ ನೋಡಿ.

ಪ್ರಶ್ನೆ: ಮನಸ್ಸಿಗೆ ಸಮಾಧಾನ ಕೊಡುವ ಹತ್ತು ಪುಸ್ತಕ, ಹತ್ತು ಸಿನಿಮಾಗಳ ಪಟ್ಟಿಯನ್ನು ದಯವಿಟ್ಟು ಪ್ರಕಟಿಸಿ.

ಉತ್ತರ: ಕ್ಷಮಿಸಿ, ಸಾಧ್ಯವಿಲ್ಲ. ನನ್ನ ಪಟ್ಟಿಯಲ್ಲಿ ರೈಲ್ವೆ ವೇಳಾಪಟ್ಟಿಯ ಹಳೆಯ ಪುಸ್ತಕವೂ ಒಂದಿದೆ, ಅದರಿಂದ ನಿಮಗೇನು ಪ್ರಯೋಜನ? ನಿಮ್ಮ ಮನೆಯಲ್ಲಿ ಯಾವ ಪುಸ್ತಕದ ಅಂಚು ಹೆಚ್ಚು ಮಾಸಿದೆ ಎಂದು ನೋಡಿ, ಪಟ್ಟಿ ಅಲ್ಲಿಂದ ಶುರುವಾಗಲಿ.

ಪ್ರಶ್ನೆ: ಕೆಲಸ ಕಳೆದುಕೊಂಡ ಮೇಲೆ ನನ್ನ ಅಣ್ಣ ಆರು ತಿಂಗಳಿಂದ ಒಂದೇ ಹಳೆಯ ಧಾರಾವಾಹಿಯನ್ನು ಮೊದಲಿನಿಂದ ಕೊನೆಗೆ, ಮತ್ತೆ ಮೊದಲಿನಿಂದ ಎಂದು ನೋಡುತ್ತಲೇ ಇದ್ದಾನೆ. ಸಮಾಧಾನ ಸಿಗಲಿ ಎಂದು ಸುಮ್ಮನಿದ್ದೆವು. ಈಗ ಭಯವಾಗುತ್ತಿದೆ.

ಉತ್ತರ: ಇಷ್ಟು ಹೊತ್ತು ಮರಳಿ ಹೋಗುವವರ ಪರವಾಗಿ ವಾದಿಸಿದ ನಾನು ಇಲ್ಲಿ ನಿಮ್ಮ ಭಯದ ಪರವಾಗಿ ನಿಲ್ಲುತ್ತೇನೆ. ಎಷ್ಟು ಸಲ ನೋಡುತ್ತಾರೆ ಎಂಬ ಲೆಕ್ಕಕ್ಕಿಂತ, ಟೀವಿ ಆರಿದ ಮೇಲಿನ ಅರ್ಧ ಗಂಟೆಯನ್ನು ಗಮನಿಸಿ. ಎದ್ದು ಸ್ನಾನ ಮಾಡುತ್ತಾರೆಯೇ, ಯಾವುದೋ ದೃಶ್ಯದ ಬಗ್ಗೆ ನಿಮ್ಮೊಡನೆ ಒಂದು ಮಾತಾಡಿ ನಗುತ್ತಾರೆಯೇ, ಅಥವಾ ಆರಿದ ಪರದೆಯನ್ನೇ ನೋಡುತ್ತ ಕೂರುತ್ತಾರೆಯೇ? ಮೊದಲು ಇಷ್ಟವಾಗಿದ್ದ ದೃಶ್ಯವೂ ಈಗ ಅವರನ್ನು ತಟ್ಟುತ್ತಿಲ್ಲವೆಂದು ಕಂಡರೆ, ನಿದ್ದೆ, ಹಸಿವುಗಳು ಏರುಪೇರಾಗಿದ್ದರೆ, ಅದು ಖಿನ್ನತೆಯ ಚಿಹ್ನೆಯಾಗಿರಬಹುದು, ಮನೋವೈದ್ಯರ ಬಳಿ ಕರೆದುಕೊಂಡು ಹೋಗಲು ತಡಮಾಡಬೇಡಿ. ಸಾಯುವ ಮಾತೇನಾದರೂ ಬಂದರೆ ಆ ದಿನವೇ ಹೋಗಬೇಕು.

ಪುಸ್ತಕ ಮನುಷ್ಯನನ್ನು ಎತ್ತಿ ನಿಲ್ಲಿಸಿದ ಉದಾಹರಣೆಗಳೂ ಇವೆ. ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 20ರ ವಯಸ್ಸಿನಲ್ಲಿ, 1826ರಲ್ಲಿ, ಯಾವುದರಲ್ಲೂ ರುಚಿಯಿಲ್ಲದ ಸ್ಥಿತಿಗೆ ಬಿದ್ದ. ಅದುವರೆಗೆ ಬಲ ಕೊಡುತ್ತಿದ್ದ ಮೆಚ್ಚಿನ ಪುಸ್ತಕಗಳನ್ನು ತೆರೆದು ನೋಡಿದ. ಓದಿದರೂ ಏನೂ ಆಗಲಿಲ್ಲ. ತಿಂಗಳುಗಳ ಮೇಲೆ, ಫ್ರೆಂಚ್ ಲೇಖಕನೊಬ್ಬನ ನೆನಪುಗಳ ಪುಸ್ತಕದಲ್ಲಿ, ತಂದೆ ತೀರಿಕೊಂಡಾಗ ಇನ್ನೂ ಹುಡುಗನಾಗಿದ್ದವನು ಮನೆಯವರಿಗೆಲ್ಲ ತಾನೇ ಆಸರೆಯಾಗುವೆನೆಂದು ಸಂಕಲ್ಪಿಸುವ ಭಾಗಕ್ಕೆ ಬಂದಾಗ ಅವನಿಗೆ ಕಣ್ಣೀರು ಬಂತು, ಅಲ್ಲಿಂದ ಭಾರ ಇಳಿಯತೊಡಗಿತು. ಎರಡು ವರ್ಷಗಳ ನಂತರ ವರ್ಡ್ಸ್‌ವರ್ತ್‌ನ ಕವಿತೆಗಳು ಮಿಕ್ಕ ಕೆಲಸ ಮಾಡಿದವು. ಹಳೆಯ ಗೆಳೆಯರಂಥ ಪುಸ್ತಕಗಳು ಕೈಬಿಟ್ಟ ಜಾಗದಲ್ಲಿ ಅಪರಿಚಿತ ಪುಸ್ತಕವೊಂದು ಕೈಹಿಡಿಯಿತು ಎಂಬುದನ್ನು ಗಮನಿಸಿ. ಆದ್ದರಿಂದ ಅಣ್ಣನ ಧಾರಾವಾಹಿಯನ್ನು ಕಿತ್ತುಕೊಳ್ಳಬೇಡಿ, ಪಕ್ಕದಲ್ಲಿ ಕೂತು ನೋಡಿ, ನಡುವೆ ಬೇರೇನನ್ನಾದರೂ ಮೆಲ್ಲಗೆ ತಂದಿಡಿ. ಆದರೆ ವೈದ್ಯರ ಬದಲಿಗೆ ಇದು ಸಾಕು ಎಂದುಕೊಳ್ಳಬೇಡಿ.

ಪ್ರಶ್ನೆ: ಅಪ್ಪ ತೀರಿಕೊಂಡು ಒಂದು ವರ್ಷವಾಯಿತು. ಅವರು ಗಡ್ಡ ಕೆರೆದುಕೊಳ್ಳುವಾಗ ಗುನುಗುತ್ತಿದ್ದ ಒಂದು ಹಳೆಯ ಚಿತ್ರಗೀತೆಯಿದೆ. ಎರಡನೆಯ ಸಾಲನ್ನು ಯಾವಾಗಲೂ ತಪ್ಪಾಗಿಯೇ ಹಾಡುತ್ತಿದ್ದರು. ಈಗ ಆ ಹಾಡು ಎಲ್ಲಾದರೂ ಕೇಳಿಬಂದರೆ ಅಲ್ಲಿಂದ ಎದ್ದುಹೋಗುತ್ತೇನೆ; ಹೋದ ಮೇಲೆ ಕೇಳಬೇಕಿತ್ತು ಎನಿಸುತ್ತದೆ. ಒಮ್ಮೆ ಧೈರ್ಯ ಮಾಡಿ ಕೇಳಿದೆ, ಅದು ಅಪ್ಪನ ಹಾಡೇ ಅಲ್ಲವೆನಿಸಿತು. ಏನು ಮಾಡಲಿ?

ಉತ್ತರ: ಊರಿನ ಹಂಬಲದಿಂದ ಸೊರಗುವವರ ಬಗ್ಗೆ ಜೊಹಾನಸ್ ಹೋಫರ್ ಎಂಬ ಸ್ವಿಸ್ ವೈದ್ಯವಿದ್ಯಾರ್ಥಿ 1688ರಲ್ಲಿ ಪ್ರಬಂಧ ಬರೆದು, ಆ ಹಂಬಲಕ್ಕೆ ಮರಳುವಿಕೆ ಮತ್ತು ನೋವು ಎಂಬ ಎರಡು ಗ್ರೀಕ್ ಪದಗಳನ್ನು ಜೋಡಿಸಿ ನಾಸ್ಟಾಲ್ಜಿಯಾ ಎಂದು ಹೆಸರಿಟ್ಟ. ಆಗ ಅದು ಕಾಯಿಲೆಯ ಹೆಸರು. ಸ್ವಿಸ್ ಸೈನಿಕರ ನಡುವೆ ದನಗಾಹಿಗಳ ಒಂದು ರಾಗವನ್ನು ನುಡಿಸಿದರೆ ಮರಣದಂಡನೆ ಎಂಬ ಕಟ್ಟಪ್ಪಣೆ ಇತ್ತೆಂದು ತತ್ತ್ವಜ್ಞಾನಿ ರೂಸೋ ತನ್ನ 1768ರ ಸಂಗೀತ ನಿಘಂಟಿನಲ್ಲಿ ಬರೆಯುತ್ತಾನೆ. ಅಪ್ಪಣೆಯ ಕಥೆ ಎಷ್ಟು ನಿಜವೋ, ಅದರ ಜೊತೆಗೆ ಅವನು ಹೇಳಿದ ಮಾತು ಮಾತ್ರ ನಿಮಗೆ ಸಂಬಂಧಿಸಿದ್ದು: ಆ ರಾಗದಲ್ಲಿ ಹುಡುಕಿದರೆ ಅಂಥ ಶಕ್ತಿಯೇನೂ ಕಾಣುವುದಿಲ್ಲ, ಅಲ್ಲಿ ಸಂಗೀತ ಸಂಗೀತವಾಗಿ ಕೆಲಸ ಮಾಡುತ್ತಿಲ್ಲ, ನೆನಪಿನ ಗುರುತಾಗಿ ಮಾಡುತ್ತಿದೆ ಎಂದು. ಕಾಳಿದಾಸನ ದುಷ್ಯಂತನಿಗೂ ತನ್ನ ರಾಣಿಯರಲ್ಲೊಬ್ಬಳಾದ ಹಂಸಪದಿಕೆಯ ಹಾಡು ಕೇಳಿ ಕಾರಣವಿಲ್ಲದ ಕಳವಳ ಹುಟ್ಟುತ್ತದೆ. ಶಕುಂತಲೆಯನ್ನು ಅವನು ಮರೆತಿದ್ದಾನೆ, ಕಿವಿ ಮರೆತಿಲ್ಲ. ಎದ್ದುಹೋಗುವ ನಿಮ್ಮ ಕಾಲುಗಳ ಬಗ್ಗೆ ನಾಚಿಕೊಳ್ಳಬೇಕಾಗಿಲ್ಲ, ಇಂಥ ದಿನ ಕೇಳಲೇಬೇಕು ಎಂಬ ಗಡುವೂ ಬೇಡ.

ಅದು ಅಪ್ಪನ ಹಾಡಲ್ಲ ಎನಿಸಿದ್ದರಲ್ಲಿ ನಿಮ್ಮ ಕಿವಿಯ ತಪ್ಪಿಲ್ಲ. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿದ್ದ ಒಂದು ಕ್ಯಾಸೆಟ್ಟಿನ ರೀಲು ಒಮ್ಮೆ ಟೇಪ್‌ರೆಕಾರ್ಡರಿನಲ್ಲಿ ಸಿಕ್ಕಿಹಾಕಿಕೊಂಡಿತು. ಅಕ್ಕ ಅದನ್ನು ಬಿಡಿಸಿ, ಉಗುರಿನಿಂದ ನೀವಿ, ಪೆನ್ಸಿಲ್ ಹಾಕಿ ಸುತ್ತಿ ಸರಿಮಾಡಿದಳು. ಆಮೇಲೆ ಎರಡನೆಯ ಚರಣದ ನಡುವೆ ಒಂದು ಕಡೆ ಗಾಯಕಿಯ ಧ್ವನಿ ನೀರಿನೊಳಗೆ ಮುಳುಗಿ ಎದ್ದಂತೆ ಕೇಳುತ್ತಿತ್ತು. ಈಗ ಅದೇ ಹಾಡು ಫೋನಿನಲ್ಲಿ ಎಲ್ಲೂ ತಡವರಿಸದೆ ಹರಿದುಹೋಗುತ್ತದೆ. ಆದರೂ ಆ ಜಾಗ ಹತ್ತಿರವಾದಂತೆ ನನ್ನ ಕಿವಿ ಆ ಮುಳುಗಿಗಾಗಿ ಕಾಯುತ್ತದೆ, ಅದು ಬಾರದೆ ಹಾಡು ಮುಂದಕ್ಕೆ ಹೋದಾಗ ಏನೋ ಕಳೆದುಕೊಂಡಂತಾಗುತ್ತದೆ.

ನಿಮ್ಮ ಅಪ್ಪ ಎರಡನೆಯ ಸಾಲನ್ನು ಹೇಗೆ ಹಾಡುತ್ತಿದ್ದರೋ ಹಾಗೆಯೇ, ಅವರ ತಪ್ಪು ಪದಗಳನ್ನು ತಿದ್ದದೆ, ಇವತ್ತೇ ಬರೆದಿಟ್ಟುಕೊಳ್ಳಿ. ಒಡಹುಟ್ಟಿದವರಿದ್ದರೆ ಅವರಿಗೂ ಕೇಳಿ, ಅವರ ನೆನಪಿನಲ್ಲಿ ಬೇರೆ ಪದಗಳಿರಬಹುದು. ಆ ಸಾಲು ಯಾವ ಧ್ವನಿಮುದ್ರಣದಲ್ಲೂ ಸಿಗುವುದಿಲ್ಲ.